ಗೆರ್ಗಿನ್ ಹೇಳಿದ ಒಂಬತ್ತು

ಜನರ ಸಂತೋಷವನ್ನು ಅಳೆಯುವುದು ವಿಟ್ಕಾಳ ಕಸುಬಾಗಿತ್ತು. ನಗಬೇಡಿ, ಅದಕ್ಕೂ ಸಂಬಳ ಕೊಡುವವರಿದ್ದಾರೆ. ರಾಜಧಾನಿ ಸೋಫಿಯಾದಲ್ಲಿರುವ ಒಂದು ಸಂಸ್ಥೆ ಪ್ರತಿ ಅಕ್ಟೋಬರಿನಲ್ಲಿ ಕಾಗದದ ಕಟ್ಟು ಕಳಿಸುತ್ತಿತ್ತು. ಅದರ ತುಂಬ ಎಂಬತ್ತು ಚಿಲ್ಲರೆ ಪ್ರಶ್ನೆಗಳು. ಚಳಿಗಾಲಕ್ಕೆ ಸೌದೆ ಇದೆಯೇ, ಪಕ್ಕದ ಮನೆಯವರನ್ನು ನಂಬುತ್ತೀರಾ, ಹೋದ ವಾರ ಎಷ್ಟು ರಾತ್ರಿ ನಿದ್ದೆ ಬರಲಿಲ್ಲ. ಎಲ್ಲ ಮುಗಿದ ಮೇಲೆ ದೊಡ್ಡ ಪ್ರಶ್ನೆ: ಒಟ್ಟಾರೆ ನಿಮ್ಮ ಬದುಕಿನ ಬಗ್ಗೆ ನಿಮಗೆಷ್ಟು ತೃಪ್ತಿ, ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹೇಳಿ. ಅವಳ ದೋಲ್ನಾ ಕ್ರುಶಾದಂಥ ಊರಿನಲ್ಲಿ ಅರ್ಧ ಮನೆಗಳಿಗೆ ಬೀಗ ಬಿದ್ದಿದೆ. ಇನ್ನರ್ಧದ ಗೇಟುಗಳ ಮೇಲೆ ಸತ್ತವರ ಫೋಟೋ ಇರುವ ಕರಿ ಅಂಚಿನ ಚೀಟಿಗಳಿವೆ. ಅಲ್ಲಿ ನಿಂತು ಈ ಪ್ರಶ್ನೆ ಕೇಳಬೇಕಾದರೆ ಮುಖದ ಚರ್ಮ ದಪ್ಪವಿರಬೇಕು. ವಿಟ್ಕಾ ಹದಿನಾಲ್ಕು ವರ್ಷ ಕೇಳಿದಳು.

ಅದಕ್ಕೂ ಮುಂಚೆ ಅವಳು ಪಟ್ಟಣದ ಪಂಪ್ ಕಾರ್ಖಾನೆಯಲ್ಲಿ ಅಳತೆ ನೋಡುವವಳಾಗಿದ್ದಳು. ಕಬ್ಬಿಣದ ಉಂಗುರ ಕೂದಲೆಳೆಯಷ್ಟು ದಪ್ಪವಾದರೂ ಪಕ್ಕಕ್ಕೆ ಎಸೆಯುವ ಅಧಿಕಾರ ಅವಳದು. ಮೇಸ್ತ್ರಿ ಗೋಗರೆದರೂ, ಸಾಕ್ಷಾತ್ ಮ್ಯಾನೇಜರೇ ಬಂದು ಕಣ್ಣು ಕೆಂಪಗೆ ಮಾಡಿದರೂ ಜಗ್ಗುತ್ತಿರಲಿಲ್ಲ. ಆಮೇಲೆ ಕಾರ್ಖಾನೆ ಮುಚ್ಚಿತು, ಯಂತ್ರಗಳು ತೂಕದ ಮೇಲೆ ಗುಜರಿಗೆ ಹೋದವು. ವಿಟ್ಕಾಳ ಹಟ ಮಾತ್ರ ಅವಳ ಜೊತೆ ಮನೆಗೆ ಬಂತು.

ಜಿಲ್ಲೆಯ ಬೇರೆ ಸಮೀಕ್ಷೆಯವರು ಏನು ಮಾಡುತ್ತಿದ್ದರು ಎನ್ನುವುದು ಗುಟ್ಟೇನಲ್ಲ. ಕಾಫಿ ಅಂಗಡಿಯಲ್ಲಿ ಕೂತು, ನಡುನಡುವೆ ಪೆನ್ನು ಬದಲಾಯಿಸಿ ತಾವೇ ಉತ್ತರ ತುಂಬಿ, ಒಂದು ಊರಿಗೆ ಊರನ್ನೇ ಮಧ್ಯಾಹ್ನದೊಳಗೆ ತೃಪ್ತಿಪಡಿಸಿ ಎದ್ದು ಬರುತ್ತಿದ್ದರು. ವಿಟ್ಕಾ ಮಾತ್ರ ಕೆಸರಿನಲ್ಲಿ ರಬ್ಬರ್ ಬೂಟು ಹಾಕಿಕೊಂಡು ಮನೆಮನೆ ಹತ್ತಿ ಇಳಿಯುತ್ತಿದ್ದಳು. ಗಂಡನನ್ನು ಕೇಳುವಾಗ ಹೆಂಡತಿಯನ್ನು, ಹೆಂಡತಿಯನ್ನು ಕೇಳುವಾಗ ಗಂಡನನ್ನು ಕೋಣೆಯಿಂದ ಆಚೆ ಕಳಿಸುತ್ತಿದ್ದಳು. ಯಾರಾದರೂ, ನಿಂಗೆ ಗೊತ್ತಿರೋದೇ ಅಲ್ವಾ, ನೀನೇ ಏನೋ ಒಂದು ಬರ್ಕೋ ಎಂದರೆ, ನೀವೇ ಬಾಯಿಬಿಟ್ಟು ಹೇಳಬೇಕು ಎಂದು ಪೆನ್ನು ಎತ್ತಿ ಹಿಡಿದು ಕೂರುತ್ತಿದ್ದಳು.

ಎದುರು ಮನೆಯ ತ್ಸೋನಾ ಪ್ರತಿ ವರ್ಷವೂ ಮೊದಲು ಸೊನ್ನೆ ಎನ್ನುತ್ತಿದ್ದಳು. ಆಮೇಲೆ ಪಿಂಚಣಿಯನ್ನು, ಸರ್ಕಾರವನ್ನು, ತನ್ನ ಎಡ ಮಂಡಿಯನ್ನು ಸರಿಯಾಗಿ ಬೈದು ಮುಗಿಸಿ, "ಮೂರು ಹಾಕು. ಸೊನ್ನೆ ಅಂದ್ರೆ ಇರೋದನ್ನೂ ಕಿತ್ಕೊಂಡಾನು ಅವನು," ಎಂದು ಮೇಲೆ ಕೈ ತೋರಿಸುತ್ತಿದ್ದಳು. ಉಳಿದವರೂ ಅಷ್ಟೇ, ಮೂರು, ನಾಲ್ಕು, ಅಪರೂಪಕ್ಕೆ ಐದು. ಚೆನ್ನಾಗಿದ್ದೀನಿ ಎಂದು ಬಾಯಲ್ಲಿ ಹೇಳಿದರೆ ಕಣ್ಣು ಬೀಳುತ್ತದೆಂಬ ಭಯ ಬೇರೆ. ಹೀಗಾಗಿ ನಮ್ಮ ವಾಯವ್ಯದ ಜಿಲ್ಲೆ ಪ್ರತಿ ವರ್ಷವೂ ಪಟ್ಟಿಯ ತಳದಲ್ಲಿರುತ್ತಿತ್ತು, ಟೀವಿಯವರು ಅದನ್ನು ಚಪ್ಪರಿಸಿಕೊಂಡು ಓದುತ್ತಿದ್ದರು.

ವಿಟ್ಕಾಳ ಗಂಡ ಗೆರ್ಗಿನ್ ಸಿಮೆಂಟ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದು ಶ್ವಾಸಕೋಶ ಹಾಳು ಮಾಡಿಕೊಂಡಿದ್ದ. ಮಾತಿನ ಮಲ್ಲ. ಉಸಿರು ಕಡಿಮೆಯಾದಷ್ಟೂ ಮಾತು ಹೆಚ್ಚಾಗಿತ್ತು. ವರ್ಷಕ್ಕೆ ನಾಲ್ಕೈದು ಸಲ ದಮ್ಮು ಕಟ್ಟಿ ತುಟಿ ನೀಲಿಯಾಗುತ್ತಿತ್ತು. ಆಗೆಲ್ಲ ಊರಿನ ದವಾಖಾನೆಯಿಂದ ಮಿಲ್ಕೋ ಓಡಿ ಬರುತ್ತಿದ್ದ. ಮಿಲ್ಕೋ ಡಾಕ್ಟರಲ್ಲ, ಕಾಂಪೌಂಡರ್ ಎನ್ನಿ. ಹಳೆಯ ಶಾಲೆಯ ಎರಡು ಕೋಣೆ, ಒಂದು ಆಕ್ಸಿಜನ್ ಸಿಲಿಂಡರ್, ಒಂದು ಬೀರು ಔಷಧಿ, ಅದೇ ದವಾಖಾನೆ. ಎರಡು ಸಲ ಗೆರ್ಗಿನ್ ಹೋಗಿಯೇಬಿಟ್ಟ ಎನ್ನುವಾಗ ಅವನು ಸೂಜಿ ಚುಚ್ಚಿ ಎಳೆದು ತಂದಿದ್ದ. ಪಟ್ಟಣದ ಆಸ್ಪತ್ರೆ ನಲವತ್ತಾರು ಕಿಲೋಮೀಟರ್ ದೂರ, ರಸ್ತೆ ಎನ್ನುವುದು ಬರೀ ಹೆಸರಿಗೆ. ಮಿಲ್ಕೋ ಇರುವ ತನಕ ಗೆರ್ಗಿನ್ ಇರುತ್ತಾನೆ, ವಿಟ್ಕಾಳಿಗೆ ಇದರಲ್ಲಿ ಅನುಮಾನವೇ ಇರಲಿಲ್ಲ.

ಅವರ ಮನೆಯೂ ಸಮೀಕ್ಷೆಯ ಪಟ್ಟಿಯಲ್ಲಿತ್ತು. ಸ್ವಂತ ಗಂಡನನ್ನು ಅವಳೇ ಕೇಳುವಂತಿಲ್ಲ, ಹಾಗಾಗಿ ಸೋಫಿಯಾದಿಂದ ಯಾರೋ ಫೋನ್ ಮಾಡಿ ಕೇಳುತ್ತಿದ್ದರು. ಆಗ ವಿಟ್ಕಾ ಅಂಗಳಕ್ಕೆ ಹೋಗಿ ಕೋಳಿಗಳಿಗೆ ಕಾಳು ಹಾಕುತ್ತಿದ್ದಳು. ಎಷ್ಟು ಹೇಳಿದೆ ಎಂದು ಯಾವತ್ತೂ ಕೇಳಲಿಲ್ಲ. ಇಡೀ ಊರಿನ ಅಂಕಿ ಗೊತ್ತಿದ್ದವಳಿಗೆ ಮನೆಯೊಳಗಿನ ಒಂದು ಅಂಕಿ ಗೊತ್ತಿರಲಿಲ್ಲ. ಅವಳ ಕಾರ್ಖಾನೆ ಮುಚ್ಚಿದ ವರ್ಷ ಅವನು ಗ್ರೀಸಿಗೆ ಹೋಗಿ ಬದುಕೋಣ ಎಂದಿದ್ದ, ಇವಳು ಒಲ್ಲೆ ಎಂದಿದ್ದಳು. ಆಮೇಲೆ ಅವನು ಆ ಮಾತೇ ಎತ್ತಲಿಲ್ಲ. ಅದಕ್ಕೇ ಆ ಅಂಕಿಯೆಂದರೆ ಅವಳಿಗೆ ಒಳಗೊಳಗೇ ಹೆದರಿಕೆ.

ಹದಿನಾಲ್ಕು ವರ್ಷ ತುಂಬಿದ ಬೇಸಿಗೆಯಲ್ಲಿ ಪಕ್ಕದ ತಾಲ್ಲೂಕಿನ ಇಬ್ಬರು ಸಮೀಕ್ಷೆಯವರು ಹಾಗೆ ಸುಳ್ಳು ಬರೆದು ಸಿಕ್ಕಿಬಿದ್ದು ಕೆಲಸ ಕಳೆದುಕೊಂಡರು. ವಿಟ್ಕಾ ಊಟಕ್ಕೆ ಕೂತಾಗ ಅದನ್ನು ಗಂಡನಿಗೆ ಖುಷಿಯಿಂದ ಹೇಳಿದಳು, ಹಾಗೇ ಆಗಬೇಕು ಕಳ್ಳರಿಗೆ ಎಂದಳು. ಅಕ್ಟೋಬರಿನಲ್ಲಿ ಕಾಗದ ಬಂತು: ಈ ಸಲ ಸಂಸ್ಥೆಯ ಸಂಶೋಧಕಿಯೊಬ್ಬಳು ಜೊತೆಗೆ ಬರುತ್ತಾಳೆ, ಪ್ರಶ್ನೆಗಳನ್ನು ಅವಳೇ ಕೇಳುತ್ತಾಳೆ, ವಿಟ್ಕಾ ಮನೆಗಳನ್ನು ತೋರಿಸಿದರೆ ಸಾಕು.

ಬಂದವಳ ಹೆಸರು ಮಿಗ್ಲೆನಾ. ಮೂವತ್ತೊಂದು ವರ್ಷ, ದೊಡ್ಡ ಕನ್ನಡಕ, ಮಾತೆಂದರೆ ಜೇನು. ಕೆಟ್ಟ ಹುಡುಗಿಯಲ್ಲ. ಕೆಟ್ಟವಳಾಗಿದ್ದರೆ ಬೈದು ಕೈತೊಳೆದುಕೊಳ್ಳಬಹುದಿತ್ತು. ಪಟ್ಟಣದಿಂದ ಕಾರಿನಲ್ಲಿ ವಿಟ್ಕಾಳನ್ನು ಕೂರಿಸಿಕೊಂಡು ಬರುವಾಗ, ಗುಂಡಿ ತಪ್ಪಿಸುತ್ತಲೇ ಒಂದು ವಿಷಯ ಹೇಳಿದಳು.

"ಅಕ್ಕಾ, ನಿಮ್ಮ ಮೇಲೆ ನಂಬಿಕೆ ಇಟ್ಟು ಹೇಳ್ತಿದೀನಿ, ಆಚೆ ಬಿಡಬೇಡಿ. ಹಳ್ಳಿ ದವಾಖಾನೆಗಳಲ್ಲಿ ಅರ್ಧಕ್ಕರ್ಧ ಮುಚ್ತಾರೆ. ಯಾವುದು ಉಳಿಸ್ಬೇಕು ಅನ್ನೋದಕ್ಕೆ ಈ ಸಲದ ನಮ್ಮ ಅಂಕಿ ನೋಡ್ತಾರೆ. ಎಲ್ಲಿ ಜನ ತುಂಬಾ ಕಷ್ಟದಲ್ಲಿದಾರೋ ಅಲ್ಲಿ ಉಳಿಯುತ್ತೆ. ಇದು ಜನಕ್ಕೆ ಗೊತ್ತಾದ್ರೆ ಎಲ್ಲರೂ ಸೊನ್ನೆ ಅಂತಾರೆ, ಆಮೇಲೆ ನಮ್ಮ ಕೆಲಸಕ್ಕೆ ಅರ್ಥಾನೇ ಇರಲ್ಲ."

ಸರಿ, ಯಾರಿಗೂ ಹೇಳಲ್ಲ ಎಂದಳು ವಿಟ್ಕಾ. ಮಿಲ್ಕೋನ ನೆನಪಾಗಿ ಹೆದರಿಕೆಯಾಯಿತು, ಆದರೂ ಧೈರ್ಯವಿತ್ತು. ಹೇಳಿಕೊಡುವ ಅಗತ್ಯವೇ ಇಲ್ಲವಲ್ಲ. ದೋಲ್ನಾ ಕ್ರುಶಾದವರು ತಮ್ಮ ಪಾಡಿಗೆ ತಾವು ನಿಜ ಹೇಳಿದರೆ ಸಾಕು, ತಳದಲ್ಲಿ ನಮ್ಮ ಜಾಗ ಖಾಯಂ. ಹದಿನಾಲ್ಕು ವರ್ಷ ಪ್ರಾಮಾಣಿಕವಾಗಿ ಬರೆದುಕೊಂಡ ಮೂರು, ನಾಲ್ಕುಗಳು ಒಮ್ಮೆಯಾದರೂ ಯಾರಿಗಾದರೂ ಉಪಯೋಗಕ್ಕೆ ಬರುತ್ತವೆ ಎಂದುಕೊಂಡಳು.

ಊರಿನಲ್ಲಿ ಹೋಟೆಲು ಎಲ್ಲಿಂದ ಬರಬೇಕು, ಮಿಗ್ಲೆನಾ ಉಳಿದುಕೊಂಡದ್ದು ವಿಟ್ಕಾಳ ಮನೆಯಲ್ಲೇ. ಅವಳು ಒಳಗೆ ಕೈಕಾಲು ತೊಳೆಯುತ್ತಿರುವಾಗ ಗೆರ್ಗಿನ್ ಹೆಂಡತಿಯ ಮುಖ ನೋಡಿದ. ಅದು ಬಿಗಿದುಕೊಂಡಿತ್ತು.

"ಏನೇ, ನಿನ್ನ ಮೇಲೆ ತನಿಖೆಗೆ ಬಂದಿದಾಳಾ?"

"ಸುಮ್ನಿರಿ. ಕೇಳಿಸುತ್ತೆ ಅವಳಿಗೆ," ಎಂದು ಅವನ ಬಾಯಿ ಮುಚ್ಚಿಸಿದಳು ವಿಟ್ಕಾ. ಅಲ್ಲ ಎನ್ನಲಿಲ್ಲ. ಅಲ್ಲ ಎಂದರೆ ಮತ್ತೇನು ಎಂದು ಕೇಳುತ್ತಾನೆ, ಕೇಳಿದರೆ ದವಾಖಾನೆಯ ವಿಷಯ ಬಾಯಿಗೆ ಬರುತ್ತದೆ.

ಮರುದಿನ ಬೆಳಗ್ಗೆ ಹತ್ತು ಗಂಟೆಗೆ ಮೊದಲು ಹೋದದ್ದು ತ್ಸೋನಾಳ ಮನೆಗೆ. ಬಾಗಿಲು ತೆಗೆಯುತ್ತಿದ್ದಂತೆ ವಿಟ್ಕಾಳಿಗೆ ಏನೋ ಎಡವಟ್ಟಾಗಿದೆ ಅನ್ನಿಸಿತು. ಮೇಜಿನ ಮೇಲೆ ಹಬ್ಬದ ಬಟ್ಟೆ, ಚೀಸ್ ತುಂಬಿ ಬೇಯಿಸಿದ ಬಿಸಿಬಿಸಿ ಬಾನಿತ್ಸಾ, ಸುಟ್ಟ ಮೆಣಸಿನಕಾಯಿ, ಪ್ಲಮ್ ಹಣ್ಣಿನ ಸಾರಾಯಿ ರಾಕಿಯಾ. ತ್ಸೋನಾ ಮದುವೆಗೆ ಹೊರಟವಳಂತೆ ತಲೆ ಬಾಚಿಕೊಂಡು ಕೂತಿದ್ದಳು. ಪಿಂಚಣಿ? ಸಾಕಾಗುತ್ತೆ. ನೆರೆಹೊರೆ? ಬಂಗಾರದಂಥವರು. ಮಂಡಿ? ಯಾವ ಮಂಡಿ? ಕೊನೆಯ ಪ್ರಶ್ನೆಗೆ ಅವಳು ಬೆನ್ನು ನೆಟ್ಟಗೆ ಮಾಡಿಕೊಂಡಳು.

"ಎಂಟು, ಮಗಳೇ. ನಾವೆಲ್ಲ ಸುಖವಾಗಿದೀವಿ. ಈ ವಿಟ್ಕಾ ಎಂಥ ನಿಯತ್ತಿನ ಹೆಂಗಸು ಗೊತ್ತಾ? ಒಂದು ಮನೆ ಬಿಡಲ್ಲ, ಒಂದು ಪ್ರಶ್ನೆ ಬಿಡಲ್ಲ."

ಮಿಗ್ಲೆನಾ ತಟ್ಟೆಯಷ್ಟು ದೊಡ್ಡ ಟ್ಯಾಬ್ಲೆಟ್ಟಿನ ಮೇಲೆ ಎಂಟನ್ನು ಒತ್ತಿದಳು. ಅದು ಹೋಗಿ ಕೂತುಬಿಟ್ಟಿತು, ಮತ್ತೆ ಅಳಿಸಲು ಬರುವುದಿಲ್ಲ. ಮುಂದಿನ ಮನೆಯಲ್ಲೂ ಮೇಜು ತುಂಬಿತ್ತು, ಅಲ್ಲೂ ಎಂಟು. ಅದರ ಮುಂದಿನ ಮನೆಯವನು ಹೋದ ವರ್ಷ ಮಗನನ್ನು ಕಳೆದುಕೊಂಡು ಒಂದು ಎಂದಿದ್ದ. ಈಗ ಗೋಡೆ ನೋಡುತ್ತಾ ಏಳು ಎಂದ. ದೂರದಿಂದ ಬಂದ ಅತಿಥಿಯ ಮುಂದೆ ಗೋಳು ತೋಡಿಕೊಳ್ಳಬಾರದು ಅನ್ನುವುದು ನಮ್ಮವರ ಹಾಳು ಮರ್ಯಾದೆ. ಅದೇ ಇದು, ಇನ್ನೇನಲ್ಲ ಎಂದುಕೊಂಡಳು ವಿಟ್ಕಾ. ಕಾರಿನಲ್ಲಿ ಕೂತ ಮೇಲೆ ಮಿಗ್ಲೆನಾಗೆ ಹೇಳಿಯೇ ಹೇಳಿದಳು. ಇದು ಇವರ ನಿಜವಾದ ಅಂಕಿ ಅಲ್ಲ, ನಿಮ್ಮನ್ನು ನೋಡಿ ಹೀಗೆ ಆಡುತ್ತಿದ್ದಾರೆ, ನಾನೊಬ್ಬಳೇ ಹೋಗಿ ಕೇಳುತ್ತೇನೆ ಎಂದಳು. ಅದಕ್ಕೆ ಮಿಗ್ಲೆನಾ, ಹಾಗೆ ಮಾಡಲು ಬರುವುದಿಲ್ಲ ಅಕ್ಕಾ, ನಿಮ್ಮ ಅನುಮಾನವನ್ನು ಟಿಪ್ಪಣಿಯಲ್ಲಿ ಬರೆಯುತ್ತೇನೆ, ಲೆಕ್ಕ ನೋಡುವವರು ಸರಿಮಾಡುತ್ತಾರೆ ಎಂದು ಸಮಾಧಾನ ಹೇಳಿದಳು.

ಮಧ್ಯಾಹ್ನ ಮಿಗ್ಲೆನಾ ಫೋನಿನಲ್ಲಿದ್ದಾಗ ವಿಟ್ಕಾ ತ್ಸೋನಾಳ ಗೇಟಿನ ತನಕ ಹೋದಳು. ಅಗುಳಿಯ ಮೇಲೆ ಕೈ ಇಟ್ಟಳು. ಒಂದೇ ಮಾತು ಸಾಕಾಗಿತ್ತು: ದವಾಖಾನೆ ಹೋಗುತ್ತೆ, ಉಳಿದವರಿಗಾದರೂ ನಿಜ ಹೇಳೋಕೆ ಹೇಳು. ತ್ಸೋನಾಳ ಕಿವಿಗೆ ಹಾಕಿದರೆ ಅರ್ಧ ಗಂಟೆಯಲ್ಲಿ ಊರಿಗೆಲ್ಲ ಗೊತ್ತಾಗುತ್ತಿತ್ತು. ಇನ್ನೂ ಹದಿನೇಳು ಮನೆ ಬಾಕಿ ಇದ್ದವು. ಆದರೆ ಹೇಳಿದರೆ ತನಗೂ ಆ ಕಾಫಿ ಅಂಗಡಿಯ ಕಳ್ಳರಿಗೂ ಏನು ವ್ಯತ್ಯಾಸ? ಅಳೆಯುವವಳು ಅಳತೆಗೆ ಕೈಹಾಕಬಾರದು, ಕೊಟ್ಟ ಮಾತು ಬೇರೆ ಇದೆ. ಲೆಕ್ಕ ನೋಡುವವರು ಸರಿಮಾಡುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡು ಅಗುಳಿಯಿಂದ ಕೈ ತೆಗೆದು ವಾಪಸ್ಸು ಬಂದಳು. ಅಯ್ಯೋ, ಎಂಥ ಪ್ರಾಮಾಣಿಕತೆ! ಯಾರ ತಲೆ ಮೇಲೆ ಹೊಡೆಯಲು ಇಟ್ಟುಕೊಂಡಿದ್ದಳೋ ಅದನ್ನು.

ಮೂರನೆಯ ದಿನ ಕೊನೆಯದಾಗಿ ಅವರ ಮನೆಯೇ ಉಳಿದಿತ್ತು. ಮಿಗ್ಲೆನಾ ಅಡುಗೆಮನೆಯಲ್ಲಿ ಗೆರ್ಗಿನ್ ಎದುರು ಕೂತಳು. ವಿಟ್ಕಾ ಎದ್ದು ಅಂಗಳಕ್ಕೆ ಹೋಗಬೇಕಿತ್ತು, ಬೇರೆ ಯಾವ ಹೆಂಡತಿಯಾಗಿದ್ದರೂ ಅವಳೇ ಕಳಿಸುತ್ತಿದ್ದಳು. ಅವತ್ತು ಒಲೆಯ ಮೇಲಿನ ಸಾರು ಹತ್ತುತ್ತದೆ ಎಂದು ನೆಪ ಮಾಡಿಕೊಂಡು, ಸೌಟು ಹಿಡಿದು, ಬೆನ್ನು ತಿರುಗಿಸಿ ನಿಂತಳು. ಇವನಾದರೂ ನಿಜ ಹೇಳುತ್ತಾನೆ, ಎರಡು ಎನ್ನುತ್ತಾನೆ, ಎದ್ದರೆ ಕೂತರೆ ದಮ್ಮು ಕಟ್ಟುವವನು ಇನ್ನೇನು ಹೇಳಿಯಾನು. ದವಾಖಾನೆಗಾಗಿ ಅವಳು ಎರಡನ್ನು ಬಯಸಿದಳು, ತನಗಾಗಿ ಅದನ್ನು ಕೇಳಲು ಹೆದರಿದಳು.

"ಒಂಬತ್ತು," ಎಂದ ಗೆರ್ಗಿನ್.

ವಿಟ್ಕಾ ತಿರುಗಿದಳು. ಅವನು ಹುಡುಗಿಯನ್ನು ನೋಡುತ್ತಿರಲಿಲ್ಲ, ಇವಳನ್ನು ನೋಡುತ್ತಿದ್ದ.

"ಅಷ್ಟೊಂದಾ?" ಎಂದು ಮಿಗ್ಲೆನಾ ನಕ್ಕಳು. "ಕಾರಣ ಹೇಳ್ಬಹುದಾ?"

"ಕಾರಣ ಅಲ್ಲಿ ಸೌಟು ಹಿಡ್ಕೊಂಡು ನಿಂತಿದೆ ನೋಡಮ್ಮ," ಎಂದ.

ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ಅವನು ಇಂಥ ಮಾತು ಆಡಿದ್ದೇ ಇಲ್ಲ. ವಿಟ್ಕಾ ಕಣ್ಣು ತುಂಬಿಕೊಂಡು ಸಾರಿನ ಕಡೆ ಬಗ್ಗಿದಳು. ಆ ಕ್ಷಣ ದವಾಖಾನೆ ನೆನಪಿಗೇ ಬರಲಿಲ್ಲ. ಅದಕ್ಕಾಗಿ ಆಮೇಲೆ ನಾಚಿಕೊಂಡಳು, ಆದರೂ ಒಳಗಿನ ಸಂತೋಷ ಹೋಗಲಿಲ್ಲ. ಗ್ರೀಸಿನ ಮಾತು ಅವನ ಮನಸ್ಸಿನಲ್ಲಿ ಉಳಿದಿಲ್ಲ ಎಂದುಕೊಂಡಳು. ಚಳಿಗಾಲವಿಡೀ ಆ ಒಂಬತ್ತನ್ನು ಜೇಬಿನಲ್ಲಿಟ್ಟುಕೊಂಡವಳಂತೆ ಓಡಾಡಿದಳು. ಅವನು ಸಿಗರೇಟು ಕದ್ದು ಸೇದಿದರೂ ಬೈಯಲಿಲ್ಲ.

ಫೆಬ್ರವರಿಯಲ್ಲಿ ಪೇಪರಿನಲ್ಲಿ ಬಂತು: ಬಡತನದ ನಡುವೆ ನಗುವ ಹಳ್ಳಿ. ದೋಲ್ನಾ ಕ್ರುಶಾದ ಜನ ದೇಶದ ಯಾವ ಊರಿನವರಿಗಿಂತಲೂ ತೃಪ್ತರಂತೆ. ಹಣವಿಲ್ಲದಿದ್ದರೂ ಪರಸ್ಪರ ನಂಬಿಕೆಯಿಂದ ಮನುಷ್ಯ ಸುಖವಾಗಿರಬಲ್ಲ ಎಂಬುದಕ್ಕೆ ಇದು ಸಾಕ್ಷಿಯಂತೆ. ತ್ಸೋನಾ ಅದನ್ನು ಅಂಗಡಿಯ ಗೋಡೆಗೆ ಅಂಟಿಸಿ ಬಿದ್ದು ಬಿದ್ದು ನಕ್ಕಳು. ವಿಟ್ಕಾ ಮಿಗ್ಲೆನಾಗೆ ಫೋನ್ ಮಾಡಿ, ಸರಿಮಾಡುತ್ತಾರೆ ಎಂದಿದ್ದಿರಲ್ಲ ಎಂದು ಕೇಳಿದಳು. ಲೆಕ್ಕದವರು ಎಲ್ಲ ರೀತಿಯಲ್ಲೂ ಪರೀಕ್ಷಿಸಿದರು ಅಕ್ಕಾ, ಎಂದಳು ಅವಳು. ಒಬ್ಬಿಬ್ಬರದಾಗಿದ್ದರೆ ಅನುಮಾನ ಪಡಬಹುದಿತ್ತು, ಇಪ್ಪತ್ತೆರಡು ಮನೆಯೂ ಒಂದೇ ರೀತಿ ಹೇಳಿದೆ, ಅಷ್ಟು ಜನ ಒಟ್ಟಿಗೆ ತಪ್ಪಾಗಲು ಸಾಧ್ಯವಿಲ್ಲ. ದವಾಖಾನೆಯ ವಿಷಯಕ್ಕೆ ಅವಳ ದನಿ ಸಣ್ಣದಾಯಿತು. ನನಗೂ ಬೇಜಾರಾಗಿದೆ, ಅದು ನನ್ನ ಕೈಯಲ್ಲಿಲ್ಲ ಎಂದಳು.

ಮಾರ್ಚ್ ಒಂದರಂದು ಮಿಲ್ಕೋ ಆಕ್ಸಿಜನ್ ಸಿಲಿಂಡರನ್ನು ವ್ಯಾನಿಗೆ ಹಾಕಿಕೊಂಡು ಪಟ್ಟಣಕ್ಕೆ ಹೋದ. ಊರಿನವರು ಸಹಿ ಮಾಡಿ ಅರ್ಜಿ ಕಳಿಸಿದರು. ಸೂಚ್ಯಂಕಗಳ ಪ್ರಕಾರ ನಿಮ್ಮ ಊರು ಅರ್ಹವಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಸೂಚ್ಯಂಕ ಎಂದರೆ ಏನೆಂದು ಯಾರಿಗೂ ತಿಳಿಯಲಿಲ್ಲ, ಎಲ್ಲರೂ ಸೇರಿ ಸರ್ಕಾರಕ್ಕೆ ಹಿಡಿಶಾಪ ಹಾಕಿದರು. ವಿಟ್ಕಾ ಏನಂತ ಹೇಳಬೇಕು? ನಿಮ್ಮ ಎಂಟು ಎಂಟುಗಳೇ ಅದು ಎಂದೇ? ಗೊತ್ತಿದ್ದೂ ಯಾಕೆ ಬಾಯಿಬಿಡಲಿಲ್ಲ ಎಂದರೆ?

ಈಸ್ಟರ್ ಕಳೆದ ಮೇಲೆ ಒಂದು ಮಧ್ಯಾಹ್ನ, ಮೆಣಸಿನ ಸಸಿ ನೆಡುತ್ತಿದ್ದ ಗೆರ್ಗಿನ್ ಪಾತಿಯ ಪಕ್ಕದಲ್ಲೇ ಕುಸಿದು ಕೂತ. ವಿಟ್ಕಾ ಆಂಬುಲೆನ್ಸಿಗೆ ಫೋನ್ ಮಾಡಿದಳು, ಅವನನ್ನು ಕುರ್ಚಿಗೆ ಎತ್ತಿ ಕೂರಿಸಿದಳು, ಅಂಗಿಯ ಗುಂಡಿ ಬಿಚ್ಚಿದಳು, ಬೀಸಣಿಗೆಯಲ್ಲಿ ಗಾಳಿ ಹಾಕಿದಳು. ಅವನ ಕಣ್ಣು ಮಾತ್ರ ಗೇಟಿನ ಮೇಲಿತ್ತು, ಮಿಲ್ಕೋ ಆ ಗೇಟಿನಿಂದಲೇ ಬರುತ್ತಿದ್ದದ್ದು. ಆಂಬುಲೆನ್ಸ್ ಬರಲು ಒಂದು ಗಂಟೆ ಇಪ್ಪತ್ತು ನಿಮಿಷವಾಯಿತು. ಅವನು ಅರ್ಧ ಗಂಟೆ ಕಾದ.

ಆಮೇಲಿನ ದಿನಗಳಲ್ಲಿ ವಿಟ್ಕಾ ಎಲ್ಲರ ಮೇಲೂ ಹಲ್ಲು ಕಡಿದಳು. ಮೇಜಿಗೆ ಹೊಸ ಬಟ್ಟೆ ಹಾಸಿ ಸುಳ್ಳು ಬಡಿಸಿದ ಊರನ್ನು ದ್ವೇಷಿಸಿದಳು, ಕನ್ನಡಕದ ಹುಡುಗಿಯನ್ನು ದ್ವೇಷಿಸಿದಳು, ಎಲ್ಲರಿಗಿಂತ ಹೆಚ್ಚಾಗಿ ತನ್ನನ್ನು. ಸಮೀಕ್ಷೆಯ ಕೆಲಸ ಬಿಟ್ಟಳು. ಒಂದೇ ಒಂದು ವಿಷಯ ಅವಳನ್ನು ಬೆಳಗ್ಗೆ ಎಬ್ಬಿಸಿ ಕೂರಿಸುತ್ತಿತ್ತು. ಊರೆಲ್ಲ ಸುಳ್ಳು ಹೇಳಿದರೂ ಗೆರ್ಗಿನ್ ಹೇಳಿದ್ದು ನಿಜ. ಅವನಿಗೆ ಅತಿಥಿಯ ಮುಂದೆ ನಾಟಕ ಆಡುವ ಬುದ್ಧಿ ಇರಲಿಲ್ಲ, ಬಂದವರ ಎದುರೇ ಸಾಕ್ಸ್ ಬಿಚ್ಚುವ ಆಸಾಮಿ. ಅವನು ತೃಪ್ತನಾಗಿ ಹೋದ.

ಗೆರ್ಗಿನ್ ಸತ್ತ ನಲವತ್ತನೆಯ ದಿನದ ತಿಥಿ ಬಂತು. ಗೇಟಿಗೆ ಹೊಸ ಚೀಟಿ ಅಂಟಿಸಿ, ಗೋಧಿ ಬೇಯಿಸಿ, ಸಕ್ಕರೆ, ಅಕ್ರೋಟು ಬೆರೆಸಿ ಸಮಾಧಿಗೆ ಒಯ್ದಳು. ಮಣ್ಣಿನ ಮೇಲೆ ವೈನು ಸುರಿದು, ಬಂದವರಿಗೆಲ್ಲ ತಟ್ಟೆಯಲ್ಲಿ ಗೋಧಿ ಹಂಚಿದಳು. ಜನ ಚದುರಿದ ಮೇಲೆ ತ್ಸೋನಾ ಒಬ್ಬಳೇ ಬೆಂಚಿನ ಮೇಲೆ ಉಳಿದಳು. ಎರಡು ಲೋಟ ವೈನು ಹೊಟ್ಟೆಗೆ ಹೋಗಿತ್ತು, ಮೂಗು ಒರೆಸಿಕೊಳ್ಳುತ್ತಾ ಗೆರ್ಗಿನ್‌ನ ಗುಣಗಾನ ಶುರುಮಾಡಿದಳು.

"ಎಂಥ ಗಂಡ ಕಣೇ ನಿಂಗೆ ಸಿಕ್ಕಿದ್ದು. ಆ ಸೋಫಿಯಾದ ಹುಡುಗಿ ಬಂದ ದಿನ ಸಂಜೆ ಅಂಗಡಿಗೆ ಬಂದ. ಅಷ್ಟು ದೂರ ನಡೆದಿದಾನೆ, ಖಾಲಿ ಪೆಟ್ಟಿಗೆ ಮೇಲೆ ಕೂತು ಕಾಲು ಗಂಟೆ ಬರೀ ಉಸಿರು ಎಳ್ಕೊಂಡ. ಆಮೇಲೆ ನಮಗೆಲ್ಲ ಹೇಳ್ದ, ನಮ್ಮ ವಿಟ್ಕಾ ಮೇಲೆ ತನಿಖೆ ಬಂದಿದೆ, ಅವಳ ಮುಖ ಪೇಲವ ಆಗೋಗಿದೆ, ಕೆಲಸ ಹೋಗುತ್ತೆ ಅನ್ಸುತ್ತೆ, ಯಾರೂ ಗೋಳು ಹೇಳ್ಬೇಡಿ, ಒಳ್ಳೆ ನಂಬರ್ ಕೊಡಿ ಅಂತ."

ವಿಟ್ಕಾ ಚಮಚವನ್ನು ಪಾತ್ರೆಯಲ್ಲಿಟ್ಟಳು. "ನಂಬರ್ ನನಗಲ್ಲ ತ್ಸೋನಾ. ಅದು ನಿಮ್ಮದು."

"ನಮಗೇನು ಗೊತ್ತು ಅದೆಲ್ಲ? ಸಾಹೇಬರು ಬಂದಾಗ ಎಲ್ಲ ಚೆನ್ನಾಗಿದೆ ಅಂತ್ಲೇ ಹೇಳ್ಕೊಂಡು ಬಂದವರು ನಾವು. ಹಂಗಾದ್ರೂ ನಿನ್ನ ಕೆಲಸ ಉಳೀತಲ್ಲ."

"ನನ್ನ ಕೇಳ್ಬೋದಿತ್ತಲ್ಲ ನೀವು."

"ಕೇಳಿದ್ರೆ ಹೇಳ್ತಿದ್ಯಾ ನೀನು?"

"ಇಲ್ಲ," ಎಂದಳು ವಿಟ್ಕಾ. ಇಷ್ಟಕ್ಕೇ ಎದ್ದು ಹೋಗಬೇಕಿತ್ತು ಅವಳು. ಆದರೆ ಕೇಳಿಬಿಟ್ಟಳು: ಅವನು ತಾನು ಎಷ್ಟು ಹೇಳುತ್ತೇನೆ ಅಂದಿದ್ದ?

ತ್ಸೋನಾ ನೆನೆಸಿಕೊಂಡು ನಕ್ಕಳು. "ಅದನ್ನೂ ಲೆಕ್ಕ ಹಾಕಿದ್ದ ಕಳ್ಳ. ಎಲ್ಲರೂ ಹತ್ತು ಅಂದ್ರೆ ಅನುಮಾನ ಬರುತ್ತೆ, ನೀವು ಎಂಟು ಅನ್ನಿ, ಒಬ್ಬಿಬ್ಬರು ಏಳು ಅನ್ನಿ, ನಾನು ಗಂಡ ಅಲ್ವಾ, ಒಂದು ಜಾಸ್ತಿ ಹಾಕಿ ಒಂಬತ್ತು ಅಂತೀನಿ ಅಂದ. ಅಂಗಡಿ ತುಂಬ ನಗು."

"ನಿಜವಾಗ್ಲೂ ಎಷ್ಟಿತ್ತಂತೆ ಅವರಿಗೆ?"

"ಅದನ್ನ ಯಾರು ಕೇಳಿದ್ರು ಕಣೇ," ಎಂದಳು ತ್ಸೋನಾ, ಖಾಲಿ ತಟ್ಟೆ ಮುಂದೆ ಹಿಡಿಯುತ್ತಾ.

ವಿಟ್ಕಾ ಪಾತ್ರೆಯ ತಳದಲ್ಲಿದ್ದ ಗೋಧಿಯನ್ನು ಕೆರೆದು ಆ ತಟ್ಟೆಗೆ ಹಾಕಿದಳು. ದವಾಖಾನೆ ಹೋದದ್ದು ಯಾಕೆಂದು ಹೇಳಲಿಲ್ಲ. ಎಪ್ಪತ್ತೊಂದು ವರ್ಷದ ಮುದುಕಿ, ತಿಂದು ಮನೆಗೆ ಹೋಗಲಿ ಎಂದುಕೊಂಡಳು.